ಹಿಟ್ಟು ರುಬ್ಬಿದ್ದು ಯಾರು, ಹೆಸರು ಯಾರದು: ವಿಜಯನಗರದ ಒಂದು ಮನೆಯ ಪ್ರಕರಣ

ನನ್ನ ಗೆಳೆಯನೊಬ್ಬ ಗ್ರೈಂಡರ್ ಸದ್ದಿನಿಂದ ಸಂಗೀತ ಮಾಡುತ್ತಾನೆ. ಹೀಗೆಂದ ತಕ್ಷಣ ಜನ ಮೊದಲು ನಗುತ್ತಾರೆ, ಆಮೇಲೆ 'ಹೊಟ್ಟೆಪಾಡಿಗೆ ಏನ್ಮಾಡ್ತಾನೆ?' ಎಂದು ಕೇಳುತ್ತಾರೆ. ಹೊಟ್ಟೆಪಾಡಿಗೆ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ವಯಸ್ಸು 43. ಬೆಂಗಳೂರಿನ ವಿಜಯನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಹೆಂಡತಿ ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರ್. ಮಗಳು ಆಗ ಐದನೇ ಕ್ಲಾಸು. ಜೊತೆಗೆ ಅವನ ತಾಯಿ, 74 ವರ್ಷ. ಎರಡು ರೂಮು, ಒಂದು ಹಾಲು, ಬಟ್ಟೆ ಒಣಗಿಸುವಷ್ಟು ಬಾಲ್ಕನಿ.

2024ರ ಜನವರಿಯಿಂದ ಜುಲೈವರೆಗೆ ಆ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆದಿದ್ದೇನೆ. ನಾನು ಅವನ ಜೊತೆ ನುಡಿಸುವವನು, ಅವರ ಮನೆಯಲ್ಲಿ ಎಷ್ಟೋ ಸಲ ಉಂಡವನು. ಹಾಗಾಗಿ ಪೂರ್ತಿ ಹೊರಗಿನವನಲ್ಲ. ಗಂಡ ಹೆಂಡತಿ ಇಬ್ಬರೂ ಇದನ್ನು ಓದಿದ್ದಾರೆ. ಎರಡು ಕಡೆ ತಿದ್ದಿಸಿದರು. ಹೆಸರು ಬೇಡ ಎಂದರು.

ಅವನ ಸಂಗೀತದಲ್ಲಿ ರಾಗ ಇಲ್ಲ, ತಾಳ ಇಲ್ಲ. ಒಂದು ಸದ್ದನ್ನು ಹಿಡಿಯುತ್ತಾನೆ, ಹಿಗ್ಗಿಸುತ್ತಾನೆ, ಅದರ ಮೇಲೆ ಅದನ್ನೇ ಪದರ ಪದರವಾಗಿ ಹಾಕುತ್ತಾನೆ. ಇಪ್ಪತ್ತು ಮೂವತ್ತು ನಿಮಿಷ ಅದು ನಿಧಾನವಾಗಿ ಬೇರೆ ಏನೋ ಆಗುತ್ತದೆ. ಹಳೇ ಲ್ಯಾಪ್‌ಟಾಪು, ಅದರಲ್ಲಿ ಪ್ಯೂರ್ ಡೇಟಾ ಎಂಬ ಪುಕ್ಕಟೆ ಸಾಫ್ಟ್‌ವೇರು. ಈ ದಾರಿ ಹಿಡಿದ ಮೊದಲಿಗರಲ್ಲಿ ಒಬ್ಬರು ಪಿಯೆರ್ ಶೇಫರ್. ಪ್ಯಾರಿಸ್ಸಿನಲ್ಲಿ ರೇಡಿಯೋ ಎಂಜಿನಿಯರ್ ಆಗಿದ್ದುಕೊಂಡೇ 1948ರಲ್ಲಿ ರೈಲಿನ ಸದ್ದುಗಳನ್ನು ಜೋಡಿಸಿ ಒಂದು ಕೃತಿ ಮಾಡಿದರು. ನಮ್ಮ ದೇಶಕ್ಕೂ ಇದು ಹೊಸದೇನಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಹಾಕಿಕೊಟ್ಟಿದ್ದರು. ಅಲ್ಲಿನ ಟೇಪುಗಳು ಎಷ್ಟೋ ವರ್ಷ ಯಾರ ಕಿವಿಗೂ ಬೀಳದೆ ಇದ್ದು, 2023ರಲ್ಲಿ ಆಲ್ಬಂ ಆಗಿ ಹೊರಬಂದವು.

ಇದನ್ನೆಲ್ಲ 'ಪ್ರಯೋಗಾತ್ಮಕ ಸಂಗೀತ' ಎನ್ನುತ್ತಾರೆ. ಕರ್ನಾಟಕ ಸಂಗೀತದವರಿಗೆ ಪ್ರಯೋಗ ಎಂದರೆ ರಾಗದ ಒಂದು ಸಂಚಾರ. ನಾಟಕದವರಿಗೆ ಪ್ರಯೋಗ ಎಂದರೆ ಶೋ. ಇವನಿಗೆ ಮಾತ್ರ ಹೈಸ್ಕೂಲ್ ಲ್ಯಾಬಿನ ಪ್ರಯೋಗ, ಏನಾಗುತ್ತೋ ನೋಡೋಣ ಅನ್ನೋ ಥರ. ಅವನ ತಾಯಿ ರಾಮನವಮಿ ಬಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಕೂತು ಕೇಳಿ ಬೆಳೆದವರು. ಒಂದು ದಿನ ರೂಮಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಕೇಳಿ, "ಶ್ರುತಿ ಸೇರಿಸಿದ್ದು ಸಾಕು ಕಣೋ, ಶುರು ಮಾಡು" ಎಂದು ಹೋದರು.

ಕೆಲಸ ಮಾಡಿಕೊಂಡೇ ಕಲೆ ಮಾಡೋದು ಬೆಂಗಳೂರಿಗೆ ಗೊತ್ತಿರುವ ವಿದ್ಯೆ. ಫ್ಯಾಕ್ಟರಿಯವರು, ಬ್ಯಾಂಕಿನವರು, ಸರ್ಕಾರಿ ಆಫೀಸಿನವರು ಸಂಜೆ ರಿಹರ್ಸಲ್ ಮಾಡಿ, ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ಆಡಿಯೇ ಇಲ್ಲಿನ ಹವ್ಯಾಸಿ ರಂಗಭೂಮಿ ಬೆಳೆಯಿತು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರಂಥವರಿಗೂ ಆಕಾಶವಾಣಿಯ ಕೆಲಸವಿತ್ತು. ಆದರೆ ಫ್ಯಾಕ್ಟರಿಯಲ್ಲಿ ಸೈರನ್ ಆದರೆ ಮುಗೀತು, ಬಸ್ ಹತ್ತಿದರೆ ಆ ದಿನದ ಲೆಕ್ಕ ಚುಕ್ತಾ. ಇವನ ಕೆಲಸಕ್ಕೆ ಸೈರನ್ ಇಲ್ಲ. ರಾತ್ರಿ 9:30ಕ್ಕೆ ಅಮೆರಿಕದವರ ಕಾಲ್. ಅದು 10ಕ್ಕೆ ಮುಗಿದರೆ ಪುಣ್ಯ.

ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ಮೊದಲು ಬಸ್ಸಿನಲ್ಲಿ ಒಂದು ಕಡೆಗೇ ಎರಡು ಗಂಟೆ ಹಿಡಿಯುತ್ತಿತ್ತು. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಶುರುವಾದ ಮೇಲೆ ಒಂದು ಗಂಟೆ, ಒಂದೂಕಾಲು ಗಂಟೆಗೆ ಬಂತು. ಆ ಹೊತ್ತು ಅವನಿಗೆ ಸ್ಟುಡಿಯೋ. ಬೋಗಿಗಳು ಸೇರುವ ಕಡೆ ಒರಗಿ ನಿಂತು, ಹಿಂದಿನ ರಾತ್ರಿ ಮಾಡಿದ್ದನ್ನು ಇಯರ್‌ಫೋನಿನಲ್ಲಿ ಕೇಳುತ್ತಾನೆ. ಮೆಟ್ರೋ ಗದ್ದಲದಲ್ಲಿ ಕೆಳಗಿನ ಸದ್ದುಗಳೆಲ್ಲ ಮುಳುಗಿಹೋಗುತ್ತವೆ, ಹಾಗಾಗಿ ಬೇಸ್ ಹೇಗಿದೆ ಎಂದು ಅಲ್ಲಿ ತೀರ್ಮಾನಿಸಬಾರದು. ಎಲ್ಲಿ ಕತ್ತರಿಸಬೇಕು, ಯಾವುದು ಬೋರು ಹೊಡೆಸುತ್ತೆ, ಅಷ್ಟು ನೋಡಬಹುದು. ಮೆಜೆಸ್ಟಿಕ್ ಬಂದಾಗ ಎಲ್ಲ ನಿಲ್ಲಿಸಿ ಫೋನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮನೆಯಲ್ಲಿ ರಾತ್ರಿ 10:15ರಿಂದ 11. ಒಂದು ರಾತ್ರಿ ನಾನು ಹೋಗಿದ್ದಾಗ ಸುಮ್ನೆ ಗಡಿಯಾರ ನೋಡಿದೆ. 10:20ಕ್ಕೆ ಕಪಾಟಿನಿಂದ ವೈರುಗಳನ್ನು ಇಳಿಸಿದ. ಮೊದಲ ಸದ್ದು ಹೊರಟಿದ್ದು 10:41ಕ್ಕೆ. ಮತ್ತೆ ಎಲ್ಲ ಬಿಚ್ಚಿ ಒಳಗಿಡೋಕೆ ಹತ್ತು ನಿಮಿಷ, ಯಾಕೆಂದರೆ ಆ ಮೇಜು ಬೆಳಿಗ್ಗೆ ಮಗಳ ಹೋಂವರ್ಕಿಗೆ ಬೇಕು. ಅಂದರೆ ಕೈಗೆ ಬಂದದ್ದು ಹತ್ತು ನಿಮಿಷದ ಸಂಗೀತ. ಇದಕ್ಕೆ ಮದ್ದು ಸುಲಭವಿತ್ತು. ಅವನ ತಂದೆಯ ಹಳೇ ಕಬ್ಬಿಣದ ಟ್ರಂಕಿನಲ್ಲಿ ಒಂದು ಪ್ಲೈವುಡ್ ಹಲಗೆ ಕೂರಿಸಿ, ಸೌಂಡ್ ಕಾರ್ಡು, ಸಣ್ಣ ಮಿಕ್ಸರು, ಹೆಡ್‌ಫೋನಿನ ವೈರು ಎಲ್ಲವನ್ನೂ ಅದಕ್ಕೇ ಸ್ಕ್ರೂ ಮಾಡಿ ಬಿಟ್ಟೆವು. ಹಾರ್ಮೋನಿಯಂ ಹಾಗೆ, ಮುಚ್ಚಳ ತೆಗೆದರೆ ನುಡಿಸಬೇಕು. ಖರ್ಚು 900 ರೂಪಾಯಿ. ಅವತ್ತಿಂದ ಮೊದಲ ಸದ್ದು ಎರಡನೇ ನಿಮಿಷಕ್ಕೆ. ಸ್ಪೀಕರ್ ಮಾತ್ರ ಇಲ್ಲ, ಕೆಳಗಿನ ಮನೆಯಲ್ಲಿ ಓನರ್ ಇದ್ದಾರೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಓನರ್ ಕೈಯಲ್ಲಿ ಮೀಟರ್ ಇಲ್ಲ, ಆದರೆ ಅವರ ನಿದ್ದೆ ಮೀಟರಿಗಿಂತ ಸೂಕ್ಷ್ಮ.

ಜನವರಿ ಕೊನೆಯಲ್ಲಿ ಶಾಂತಿನಗರದ ಕಡೆಯ ಒಂದು ಸಣ್ಣ ಜಾಗದಿಂದ ಕರೆ ಬಂತು. ಮಾರ್ಚಿನಲ್ಲಿ ಒಂದು ಸಂಜೆ, ನಮ್ಮಿಬ್ಬರಿಗೆ ಅರ್ಧ ಗಂಟೆ. ಗ್ರೈಂಡರ್ ಸದ್ದು ಇಟ್ಟುಕೊಂಡು ಮಾಡೋಣ ಎಂದ.

ಎಸ್‌ಪಿ ರೋಡಿನಲ್ಲಿ ಪೀಜೋ ಡಿಸ್ಕ್ ತಂದೆವು. ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ಇರುತ್ತಲ್ಲ, ಆ ಥರದ 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆ. ಗಾಳಿಯಲ್ಲಿ ಬರುವ ಸದ್ದಿಗಿಂತ ತಾನು ಅಂಟಿಕೊಂಡ ವಸ್ತುವಿನ ನಡುಕವೇ ಅದಕ್ಕೆ ಜಾಸ್ತಿ ಕೇಳಿಸುತ್ತದೆ. ಗ್ರೈಂಡರಿನ ಹೊರಮೈಗೆ ಅಂಟಿಸಿ, ವೈರನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಕೊಟ್ಟೆವು. ಕಲ್ಲಿನ ಗುಡುಗುಡು ಎಲ್ಲೂ ಇಲ್ಲ! ತಗಡು ಡಬ್ಬದಲ್ಲಿ ಮರಳು ಅಲ್ಲಾಡಿಸಿದ ಹಾಗೆ ಬಂತು. ಕಾರಣ ಇಷ್ಟೇ. ಆ ಬಿಲ್ಲೆ ಒಂದು ಕೆಪಾಸಿಟರ್ ಇದ್ದ ಹಾಗೆ, ಹೆಚ್ಚುಕಡಿಮೆ 20 ನ್ಯಾನೋಫ್ಯಾರಡ್. 10 ಕಿಲೋ ಓಮ್‌ನ ಇನ್‌ಪುಟ್ಟಿಗೆ ಕೊಟ್ಟರೆ ಸುಮಾರು 800 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. 1 ಮೆಗಾ ಓಮ್‌ಗೆ ಕೊಟ್ಟರೆ ಆ ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ. ಟಿಎಲ್‌072 ಐಸಿ ಹಾಕಿ ಬೆಂಕಿಪೊಟ್ಟಣದಷ್ಟು ದೊಡ್ಡ ಬಫರ್, ಅಂದರೆ ಬಿಲ್ಲೆಗೂ ಮಿಕ್ಸರಿಗೂ ನಡುವೆ ಕೂರುವ ಸಣ್ಣ ಸರ್ಕ್ಯೂಟ್, ಮಾಡಿಕೊಟ್ಟೆ. ಆಮೇಲೆ ಕೇಳಿದರೆ ಗಾಡಿಯೊಂದು ಸೇತುವೆ ಮೇಲೆ ಹೋದ ಹಾಗೆ. ಇಬ್ಬರೂ ಹೆಡ್‌ಫೋನು ಕಿತ್ತಾಡಿಕೊಂಡು ಕೇಳಿದೆವು. ಗ್ರೈಂಡರ್ ಮುಂದೆ ನಿಂತವರು ಯಾರು ಎಂದು ನಾನು ಅವತ್ತು ಗಮನಿಸಲೇ ಇಲ್ಲ.

ನಿಂತವರು ಅವನ ಹೆಂಡತಿ. ಶನಿವಾರ ಸಂಜೆ ಅವರು ವಾರದ ಹಿಟ್ಟು ರುಬ್ಬುತ್ತಾರೆ. ಮೊದಲು ಉದ್ದು, ಆಮೇಲೆ ಅಕ್ಕಿ. ಫೆಬ್ರವರಿಯ ನಾಲ್ಕು ಶನಿವಾರವೂ ಇವನ ರೆಕಾರ್ಡಿಂಗ್ ನಡೆಯಿತು. ಫ್ಯಾನ್ ಆಫ್, ಟಿವಿ ಆಫ್, ಮಗಳು ಮಾತಾಡಬಾರದು, ಅಮ್ಮ ಕೆಮ್ಮಬಾರದು. ಹೆಂಡತಿಗೆ ಇನ್ನೊಂದು ಸೂಚನೆ: ಮಧ್ಯೆ ಮಧ್ಯೆ ನೀರು ಹಾಕಬೇಡ, ಚಿಮ್ಮೋ ಸದ್ದು ಬರುತ್ತೆ, ಒಂದೇ ಸಲ ಹಾಕಿಬಿಡು. ಅವರು ಹಾಗೇ ಮಾಡಿದರು. ಉದ್ದಿಗೆ ನೀರು ಚೂರು ಚೂರೇ ಕುಡಿಸಬೇಕು, ಆಗಲೇ ಅದು ಉಬ್ಬೋದು. ಆ ತಿಂಗಳಿಡೀ ಅವರ ಮನೆ ಇಡ್ಲಿ ಕಲ್ಲಿನ ಹಾಗಿತ್ತು. ಒಂದು ಭಾನುವಾರ ನಾನೂ ತಿಂದಿದ್ದೇನೆ, ಬಾಯಿಬಿಡಲಿಲ್ಲ.

ಮಾರ್ಚಿನ ಮೊದಲ ವಾರ ಕಾರ್ಯಕ್ರಮದ ಪೋಸ್ಟರ್ ವಾಟ್ಸಾಪಿನಲ್ಲಿ ಬಂತು. ಅವನ ಹೆಸರು, ನನ್ನ ಹೆಸರು, ಕೆಳಗೆ 'ರುಬ್ಬು' ಎಂಬ ಶೀರ್ಷಿಕೆ. ಅವನ ಹೆಂಡತಿ ಫೋನನ್ನು ಅವನ ಮುಂದೆ ಇಟ್ಟರು.

"ರೀ, ಹಿಟ್ಟು ರುಬ್ಬಿದ್ದು ನಾನು. ಹೆಸರು ನಿಮ್ಮದು. ಇದು ಯಾವ ಲೆಕ್ಕ?"

ತಮಾಷೆ ಎಂದುಕೊಂಡು ಅವನು ನಕ್ಕ. ಅವರು ನಗಲಿಲ್ಲ. ಲೆಕ್ಕ ಅಂದ ಮೇಲೆ ಲೆಕ್ಕವೇ ಆಗಲಿ ಎಂದು ಮಗಳ ಒಂದು ಹಳೇ ನೋಟ್‌ಬುಕ್ ತೆಗೆದು ಗೆರೆ ಹಾಕಿದರು. ಎರಡು ಕಲಂ, ಅವನದೊಂದು, ಅವರದೊಂದು. ಬರೆಯಬೇಕಾದ್ದು ಒಂದೇ: ದಿನದಲ್ಲಿ 'ಯಾರೂ ಕರೆಯದ ಹೊತ್ತು' ಎಷ್ಟು. ಆರು ವಾರ ಬರೆಯೋದು, ಅಲ್ಲಿವರೆಗೆ ಜಗಳ ಬೇಡ ಎಂದರು.

ಈ ಪ್ರಕರಣದಲ್ಲಿ ನಾನು ಮರೆಯಲಾರದ ವಸ್ತು ಆ ನೋಟ್‌ಬುಕ್ಕೇ. ಮೊದಲ ವಾರ ಅವನ ಕಲಂನಲ್ಲಿ 4 ಗಂಟೆ 20 ನಿಮಿಷ, ಎಲ್ಲ ರಾತ್ರಿ ಹೊತ್ತು. ಅವರದು 1 ಗಂಟೆ 40 ನಿಮಿಷ. ವ್ಯತ್ಯಾಸ ಅಷ್ಟೇನೂ ಇಲ್ವಲ್ಲ ಎಂದು ಅವನಿಗೆ ಸಮಾಧಾನ. ಆಗ ಅವರು ಮೆಟ್ರೋ ಎಲ್ಲಿ ಎಂದು ಕೇಳಿದರು. ಅದು ಆಫೀಸಿನ ಲೆಕ್ಕ, ನಿಂತುಕೊಂಡು ಹೋಗ್ತೀನಿ ಎಂದ. "ಮೆಟ್ರೋದಲ್ಲಿ ನಿಮ್ಮನ್ನ ಯಾರಾದರೂ ಕರೀತಾರಾ?" ಎಂದರು. ಮೆಜೆಸ್ಟಿಕ್ಕಿನ ನೂಕಾಟ ಕಳೆದು, ಹೋಗಿ ಬರೋಕೆ ದಿನಕ್ಕೆ 100 ನಿಮಿಷ, ಮೂರು ದಿನಕ್ಕೆ 5 ಗಂಟೆ. ಸೇರಿಸಿದರು. 9 ಗಂಟೆ 20 ನಿಮಿಷವಾಯಿತು. ಅವರು ಸ್ನಾನದ ಹೊತ್ತನ್ನು ತಮ್ಮ ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾಕೆ ಎಂದು ನಾನೇ ಕೇಳಿದೆ. ಆಗಲೂ ಬಾಗಿಲು ಬಡೀತಾರಲ್ಲ ಎಂದರು.

ಮೂರನೇ ವಾರ ಅವನು ಕಳ್ಳಾಟ ಶುರು ಮಾಡಿದ. ಬಟ್ಟೆ ಒಣಗಿಸ್ತೀನಿ ಎಂದು ಟೆರೇಸಿಗೆ ಹೋಗಿ ಅರ್ಧ ಗಂಟೆ ಹೆಡ್‌ಫೋನು ಹಾಕಿ ಕೂರೋದು, ಅದನ್ನು ಮನೆಗೆಲಸ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆಯದೇ ಬಿಡೋದು. ಮಗಳು ಹೇಳಿಬಿಟ್ಟಳು. ಆರು ವಾರದ ಮೊತ್ತ: ಅವನದು 52 ಗಂಟೆ, ಅವರದು 11.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ವರ್ಷಗಟ್ಟಲೆ ನಾನು ಅವನಿಗೆ ಹೇಳುತ್ತಾ ಬಂದದ್ದು ಒಂದೇ: ಕೆಲಸ ನಿನ್ನ ಸಂಗೀತವನ್ನು ತಿನ್ನುತ್ತಿದೆ, ಹಗುರವಾದ ಕೆಲಸ ಹುಡುಕು. ಅದಕ್ಕೆ ಉದಾಹರಣೆಗಳೂ ರೆಡಿ ಇದ್ದವು. ಅಮೆರಿಕದ ಸಂಗೀತ ರಚನೆಕಾರ ಫಿಲಿಪ್ ಗ್ಲಾಸ್ 1976ರಲ್ಲಿ ನ್ಯೂಯಾರ್ಕಿನ ದೊಡ್ಡ ಒಪೆರಾ ಮಂದಿರದಲ್ಲಿ ತಮ್ಮ ಕೃತಿ ಆಡಿಸಿದ ಮೇಲೂ ಟ್ಯಾಕ್ಸಿ ಓಡಿಸಿದವರು, ಪ್ಲಂಬಿಂಗ್ ಕೂಡ ಮಾಡಿದವರು. ಅಲ್ಲಿಯವರೇ ಆದ ಚಾರ್ಲ್ಸ್ ಐವ್ಸ್ ವಿಮೆಯ ವ್ಯವಹಾರ ನಡೆಸುತ್ತಲೇ ಸಂಗೀತ ಬರೆದು, 1947ರಲ್ಲಿ ಪುಲಿಟ್ಜರ್ ಬಹುಮಾನ ಪಡೆದವರು. ಈ ಕಥೆಗಳನ್ನು ಸಂಗೀತಗಾರರು ಒಬ್ಬರಿಗೊಬ್ಬರು ಪುರಾಣದ ಹಾಗೆ ಹೇಳಿಕೊಳ್ಳುತ್ತಾರೆ. ಅಲ್ಲಿ ಕೆಲಸ ಇದೆ, ಸಂಗೀತ ಇದೆ. ಆ ಹೊತ್ತಿಗೆ ಮನೆಯಲ್ಲಿ ಒಲೆ ಮುಂದೆ ಯಾರಿದ್ದರು ಎಂಬುದು ಮಾತ್ರ ಬರೋದಿಲ್ಲ. ಈ ಮನೆಯಲ್ಲಿ ಲೆಕ್ಕ ಹಾಕಿ ನೋಡಿದರೆ ಕೆಲಸ ಇಬ್ಬರ ಹೊತ್ತನ್ನೂ ಸಮವಾಗೇ ತಿಂದಿತ್ತು. ಉತ್ತರಪತ್ರಿಕೆ ತಿದ್ದೋದನ್ನೂ ಸೇರಿಸಿದರೆ ಅವರದನ್ನೇ ಸ್ವಲ್ಪ ಜಾಸ್ತಿ. ಹಾಗಾದರೆ ಅವನಿಗೆ ಜಾಸ್ತಿ ಸಿಕ್ಕ 41 ಗಂಟೆ ಎಲ್ಲಿಂದ ಬಂತು? ಅಡಿಗೆಮನೆಯಿಂದ, ಅಮ್ಮನ ಬಿಪಿ ಮಾತ್ರೆ ತರುವ ಹೊತ್ತಿನಿಂದ, ಮಗಳ ಸ್ಕೂಲಿನ ಮೀಟಿಂಗುಗಳಿಂದ.

ಮಾರ್ಚಿನ ಕಾರ್ಯಕ್ರಮದಿಂದ ಹಿಂದೆ ಸರಿದೆವು. ಕರೆದವರು ಒಳ್ಳೆಯವರು, ಜುಲೈಗೆ ಹಾಕಿದರು.

ಏಪ್ರಿಲ್ ಕೊನೆಗೆ ಆದ ಒಪ್ಪಂದ ಹೀಗಿತ್ತು. ಶನಿವಾರದ ಹಿಟ್ಟು ಪೂರ್ತಿ ಅವನದು, ನೆನೆ ಹಾಕೋದರಿಂದ ಹಿಡಿದು ಗ್ರೈಂಡರ್ ಕಲ್ಲು ತೊಳೆದು ಒರೆಸಿಡುವವರೆಗೆ. ಭಾನುವಾರ ಬೆಳಿಗ್ಗೆ 7ರಿಂದ 10:30 ಅವರದು, ಎಲ್ಲಿ ಹೋಗ್ತೀಯ ಎಂದು ಕೇಳುವ ಹಾಗಿಲ್ಲ. ಬುಧವಾರ ರಾತ್ರಿ ಅಮೆರಿಕದ ಕಾಲ್ ತೆಗೆದುಕೊಳ್ಳೋದಿಲ್ಲ ಎಂದು ಅವನು ಮ್ಯಾನೇಜರಿಗೆ ಬರೆದ. ಹತ್ತು ವರ್ಷ ಹೆದರಿಕೊಂಡಿದ್ದ ಮೇಲ್ ಅದು. 'ಓಕೆ' ಎಂಬ ಉತ್ತರ ಹತ್ತು ನಿಮಿಷದಲ್ಲಿ ಬಂತು. ಬುಧವಾರ ಅಡಿಗೆ, ಮಗಳ ಪಾಠ ಅವನದು, ಹೆಂಡತಿ ಬಾಗಿಲು ಹಾಕಿಕೊಳ್ಳಬಹುದು.

ಭಾನುವಾರ ಏನು ಮಾಡ್ತೀರಿ ಎಂದು ನಾನು ಕೇಳಿದೆ. ಕೇಳಬಾರದು ಎಂಬ ನಿಯಮ ನನಗೆ ಅನ್ವಯಿಸೋಲ್ಲ ಅಲ್ವಾ. ಮೆಟ್ರೋದಲ್ಲಿ ಕಬ್ಬನ್ ಪಾರ್ಕಿಗೆ ಹೋಗ್ತಾರಂತೆ. ಭಾನುವಾರ ಒಳಗೆ ಗಾಡಿಗಳೂ ಇರೋದಿಲ್ಲ. ಹೋಗಿ? "ಕೂತ್ಕೋತೀನಿ" ಎಂದರು.

ಇದರ ನಡುವೆ ಒಂದು ಕಾಗದದ ಕೆಲಸವೂ ಆಯಿತು. ಕೃತಿಯನ್ನು ಆನ್‌ಲೈನಿನಲ್ಲಿ ಹಾಕುವ ಮುಂಚೆ ಅವನ ಆಫರ್ ಲೆಟರ್ ತೆಗೆದು ಓದಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರಿಗೆ ಸೇರುತ್ತದೆ. ಗ್ರೈಂಡರ್ ಸದ್ದು ಟೆಸ್ಟಿಂಗ್ ಕೆಲಸದ ಭಾಗ ಅಲ್ಲ, ಸರಿ. ಆದರೆ ಕೆಲವು ಆಫರ್ ಲೆಟರುಗಳ ಮಾತು ಕಾಯ್ದೆಗಿಂತ ಅಗಲ. ಒಂದು ಮೇಲ್ ಹಾಕಿ ಲಿಖಿತ ಒಪ್ಪಿಗೆ ತೆಗೆದುಕೊಂಡ. ಲ್ಯಾಪ್‌ಟಾಪ್ ಮಾತ್ರ ಸ್ವಂತದ್ದೇ, ಆಫೀಸಿನದು ಮುಟ್ಟೋದಿಲ್ಲ. ಕಂಪನಿ ಕೆಲಸದಲ್ಲಿರುವ ಸಂಗೀತಗಾರರು ಇಷ್ಟನ್ನು ಮಾಡಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ರುಬ್ಬೋಕೆ ಶುರು ಮಾಡಿದ ಮೇಲೆ ಅವನ ಕೃತಿಯೇ ಬದಲಾಯಿತು. ಮೊದಲ ಶನಿವಾರ ಉದ್ದು ಬಿಸಿಯಾಗಿ ಕೆಟ್ಟಿತು. ಎರಡನೇ ವಾರ ತಾಯಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಹೇಳಿಕೊಟ್ಟರು: ತಣ್ಣೀರು, ಒಂದೊಂದು ಸೌಟು, ಅಂಚಿಗೆ ಅಂಟಿದ್ದನ್ನು ಒಳಗೆ ತಳ್ಳು, ಮತ್ತೆ ನೀರು. ಪ್ರತಿ ಸಲ ನೀರು ಬಿದ್ದಾಗ ಕಲ್ಲಿನ ಗುಡುಗು ಒಂದು ಕ್ಷಣ ಜಾರಿ, ಸುಯ್ ಎಂದು, ಮೊದಲಿಗಿಂತ ಮೆತ್ತಗಾಗಿ ವಾಪಸ್ ಬರುತ್ತದೆ. ಫೆಬ್ರವರಿಯಲ್ಲಿ ಅವನು ಬೇಡ ಎಂದಿದ್ದ ಸದ್ದು ಅದು. ಈಗ ಕೃತಿ ನಿಂತಿರುವುದೇ ಅದರ ಮೇಲೆ. ಏಳು ಸಲ ನೀರು, 26 ನಿಮಿಷ. ಉದ್ದು ನುಣ್ಣಗಾದಾಗ ಕೃತಿ ಮುಗಿಯುತ್ತದೆ. ಮೊದಲಿನ ರೂಪದಲ್ಲಿ ಎಲ್ಲಿ ನಿಲ್ಲಿಸಬೇಕು ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ, ಸುಮ್ನೆ ಸದ್ದು ಇಳಿಸಿಬಿಡುತ್ತಿದ್ದೆವು.

ಜುಲೈ ಸಂಜೆ ಮೂವತ್ತು ಚಿಲ್ಲರೆ ಜನ ಚಾಪೆ ಮೇಲೆ ಕೂತಿದ್ದರು. ಡಬ್ಬಿಗೆ ಹಾಕಿದ ದುಡ್ಡಿನಲ್ಲಿ ನಮ್ಮ ಪಾಲಿಗೆ 1,400 ರೂಪಾಯಿ. ಟ್ರಂಕು, ಗ್ರೈಂಡರ್ ಎರಡನ್ನೂ ಆಟೋದಲ್ಲಿ ಒಯ್ದು ತರೋಕೆ 620. ಆಮೇಲೆ ರೆಕಾರ್ಡಿಂಗನ್ನು ಸಂಗೀತ ಮಾರುವ ವೆಬ್‌ಸೈಟು ಬ್ಯಾಂಡ್‌ಕ್ಯಾಂಪಿನಲ್ಲಿ ಹಾಕಿದೆವು. ಅವರು ಡಿಜಿಟಲ್ ಮಾರಾಟದಲ್ಲಿ 15 ಪರ್ಸೆಂಟ್ ಹಿಡಿಯುತ್ತಾರೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಟ್ರ್ಯಾಕು ವರ್ಷದಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಕಾಸೇ ಇಲ್ಲ. 26 ನಿಮಿಷ ಉದ್ದು ರುಬ್ಬೋದನ್ನು ಸಾವಿರ ಸಲ ಯಾರು ಕೇಳುತ್ತಾರೆ? ಇದು ದುಡ್ಡು ಹೋಗುವ ದಾರಿ, ಬರುವ ದಾರಿ ಅಲ್ಲ. ಹಬ್ಬದ ಖರ್ಚಿನ ಹಾಗೆ ವರ್ಷಕ್ಕೆ ಇಷ್ಟು ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಂಡಿದ್ದಾರೆ.

ಹೆಸರಿನ ಪ್ರಶ್ನೆ ಮತ್ತೆ ಬಂತು. ಪೋಸ್ಟರಿನಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ ಎಂದ. "ಈಗ ನೀವೇ ರುಬ್ತೀರಲ್ಲ, ನಿಮ್ಮದೇ ಇರಲಿ. ಫೆಬ್ರವರಿದು ಏನಾದ್ರೂ ಉಳಿದಿದ್ಯಾ?" ಎಂದು ಕೇಳಿದರು. ಉಳಿದಿತ್ತು, ಶುರುವಿನ ನಾಲ್ಕು ನಿಮಿಷ. ಆ ನಾಲ್ಕು ನಿಮಿಷಕ್ಕೆ ಅವರ ಹೆಸರು ಬಂತು. ಕಾರ್ಯಕ್ರಮಕ್ಕೆ ಬಂದು, ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಹಿಂದಿನ ಗೋಡೆಗೆ ಒರಗಿ ಕೂತಿದ್ದರು. ಮುಗಿದ ಮೇಲೆ ಜನ ನಮ್ಮ ಸುತ್ತ ಸೇರಿ ಟೆಕ್ಸ್ಚರು, ಡ್ರೋನು ಎಂದೆಲ್ಲ ಮಾತಾಡಿದರು. ಆಟೋ ಹತ್ತುವಾಗ ಅವರು ಗಂಡನಿಗೆ ಹೇಳಿದ್ದು, "ಮೂರನೇ ಸಲ ನೀರು ಜಾಸ್ತಿ ಹಾಕಿದ್ರಿ." ವಾಪಸ್ ಹೋಗಿ ರೆಕಾರ್ಡಿಂಗ್ ಕೇಳಿದೆವು. ಹೌದು, ಹಾಕಿದ್ದ.

ಎಲ್ಲ ಸರಿಹೋಗಿದೆ ಎಂದು ಓದುವವರು ತಿಳಿಯಬಾರದು. ಅವನ ಹೊತ್ತು ವಾರಕ್ಕೆ 9 ಗಂಟೆಯಿಂದ 6ಕ್ಕೆ ಇಳಿದಿದೆ. ಮೊದಲು ವರ್ಷಕ್ಕೆ ನಾಲ್ಕೈದು ಕಡೆ ನುಡಿಸುತ್ತಿದ್ದೆವು, ಈಗ ಎರಡು. ನಮ್ಮ ಜೊತೆಯವರಲ್ಲಿ ಒಬ್ಬಿಬ್ಬರು ಕರೆಯೋದನ್ನೇ ಬಿಟ್ಟಿದ್ದಾರೆ, ಇವರು ಹೇಗೂ ಬರೋಲ್ಲ ಎಂದು. ನನಗೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ನಾನು ಒಂಟಿ, ನನ್ನ ಶನಿವಾರಗಳಿಗೆ ಕಲಂ ಇಲ್ಲ. ಆಫೀಸಿನಲ್ಲಿ ರಿಲೀಸ್ ಇದ್ದ ವಾರ ಒಪ್ಪಂದ ಮುರಿಯುತ್ತದೆ. ಆಗ ಹಿಟ್ಟನ್ನು ಅಂಗಡಿಯಿಂದ ತರುತ್ತಾರೆ, ಅವನ ತಾಯಿ ಅದನ್ನು ಮುಟ್ಟೋದಿಲ್ಲ. ಅವರ ಮಂಡಿನೋವು ಜಾಸ್ತಿಯಾಗಿದೆ. ಮೆಟ್ಟಿಲು ಇಳಿಯೋಕೆ ಯಾರಾದರೂ ಬೇಕು. ಆ ಹೊತ್ತು ಯಾರ ಕಲಂನಿಂದ ಹೋಗಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈಚೆಗೆ ಬೇರೆ ಊರಿನಿಂದ ಒಂದು ರೆಸಿಡೆನ್ಸಿಗೆ, ಅಂದರೆ ಅಲ್ಲೇ ಉಳಿದು ಕೃತಿ ಮಾಡೋಕೆ, ಕರೆ ಬಂದಿದೆ. ಹತ್ತು ದಿನ, ಊಟ ವಸತಿ ಅವರದೇ. ಮೊದಲಾಗಿದ್ದರೆ ಅವನು ಬ್ಯಾಗು ತುಂಬಿಕೊಂಡಾದ ಮೇಲೆ ಮನೆಯಲ್ಲಿ ಹೇಳುತ್ತಿದ್ದ. ಈ ಸಲ ಮೊದಲು ನೋಟ್‌ಬುಕ್ ತೆಗೆದ. ಆ ಹತ್ತು ದಿನ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ, ಹೆಂಡತಿಯ ಟೇಬಲ್ ಮೇಲೆ 120 ಉತ್ತರಪತ್ರಿಕೆ. ಐದೈದು ದಿನ ಎರಡು ಸಲ ಬಂದರೆ ಆಗುತ್ತಾ, ಗ್ರೈಂಡರ್ ಅಲ್ಲೇ ಸಿಗುತ್ತಾ ಎಂದು ಕೇಳಿ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.